ಮುಂದಿನ ಆಸನ

ಮನೆಯಲ್ಲಿ ಹಳೆಯ ಮೋಟಾರುಗಾಡಿಯೊಂದು ಇದ್ದಿತೆಂದರೆ ಮನೆಯವರೆಲ್ಲ ಎರಡು ಪಕ್ಷವಾಗುವುದು ಸಹಜ. ಗಾಡಿ ಹೇಗಿದ್ದಿತೋ ಹಾಗೆಯೇ ಇರಬೇಕೆನ್ನುವವರದು ಒಂದು ಪಕ್ಷ. ಇಟ್ಟುಕೊಂಡ ಮೇಲೆ ಅದು ಓಡಬೇಕು, ಓಡುವುದಾದರೆ ಸುಖವಾಗಿ ಓಡಬೇಕೆನ್ನುವವರದು ಇನ್ನೊಂದು. ಮಾರಿಬಿಡಿ ಎನ್ನುವ ಮೂರನೆಯ ಪಕ್ಷವೂ ಉಂಟು. ಆದರೆ ಆ ಪಕ್ಷದವರು ಸಾಮಾನ್ಯವಾಗಿ ನೆರೆಮನೆಯಲ್ಲಿರುತ್ತಾರೆ.

ಮಧುಗಿರಿಯ ಏಕಶಿಲಾ ಬೆಟ್ಟದ ನೆರಳು ಸಂಜೆಗೆ ಚಾಚಿಕೊಳ್ಳುವ ಬೀದಿಯೊಂದರಲ್ಲಿ, ಹುಣಿಸೆಯ ಮರದ ಕೆಳಗಿನ ತಗಡಿನ ಕೊಟ್ಟಿಗೆಯಲ್ಲಿ, ಇಂಥ ಗಾಡಿಯೊಂದು ಇಪ್ಪತ್ತೇಳು ವರ್ಷ ನಿಂತಿತ್ತು. 1957ರ ಮೋರಿಸ್ ಮೈನರ್; ಎರಡೇ ಬಾಗಿಲು; ಬೂದು ಬಣ್ಣ; 948 ಸಿ.ಸಿ.ಯ ಎಂಜಿನ್ನು, ಮೂವತ್ತೇಳು ಅಶ್ವಗಳ ಶಕ್ತಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಮರಳಿದ ವೈದ್ಯರೊಬ್ಬರು ತಮ್ಮೊಡನೆ ಹಡಗಿನಲ್ಲಿ ತಂದದ್ದನ್ನು ಆ ಮನೆಯ ವಕೀಲರು 1964ರಲ್ಲಿ ಕೊಂಡರು. ಅಂದಿನಿಂದ 1996ರಲ್ಲಿ ಅವರು ತೀರಿಕೊಳ್ಳುವವರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಧೂಳನ್ನೂ ಆ ಗಾಡಿ ಕುಡಿಯಿತು. ಕಕ್ಷಿಗಾರರ ಜಮೀನು, ಬಾವಿ, ಬದುಗಳನ್ನು ಕಣ್ಣಾರೆ ಕಂಡಲ್ಲದೆ ದಾವೆ ಹಿಡಿಯದವರೆಂದು ಹೆಸರಾದ ವಕೀಲರಿಗೆ ಆ ಪುಟ್ಟ ಗಾಡಿ ಕಚೇರಿಯೂ ಹೌದು, ಕುದುರೆಯೂ ಹೌದು.

ಗಾಡಿಯ ಮುಂದಿನ ಎಡಗಡೆಯ ಆಸನ ಕಾಗದದ ಕಟ್ಟುಗಳಿಗೆ ಮೀಸಲು. ಕಟ್ಟುಗಳಿಲ್ಲದ ದಿನ ಕಕ್ಷಿಗಾರರು ಕುಳಿತುಕೊಳ್ಳುತ್ತಿದ್ದರು. ಮನೆಯೊಡತಿ ಮುಂದಿನ ಆಸನವನ್ನು ಮಡಚಿ, ಸೀರೆಯ ನೆರಿಗೆ ಹಿಡಿದು, ಕಂಕುಳಲ್ಲೊಂದು ಮಗುವನ್ನಿಟ್ಟುಕೊಂಡು, ತಲೆ ಬಗ್ಗಿಸಿ ಹಿಂದಕ್ಕೆ ನುಸುಳಬೇಕಾಗಿತ್ತು. ಅಲ್ಲಿ ಕುಳಿತ ಆಕೆಗೆ ಒಂದು ಉದ್ಯೋಗವೂ ಇತ್ತು. ಆ ಕಾಲದ ಮೋರಿಸಿನಲ್ಲಿ ತಿರುವು ತೋರಿಸಲು ಮಿಣುಕುವ ದೀಪಗಳಿರಲಿಲ್ಲ. ಬಾಗಿಲ ಹಿಂದಿನ ಕಂಬದೊಳಗಿಂದ ಅಂಗೈಯುದ್ದದ ಕೈಮರವೊಂದು ಹೊರಕ್ಕೆ ನೆಗೆದು ಮಿನುಗುತ್ತಿತ್ತು. ಧೂಳು ಸೇರಿದರೆ ಅದು ಕಂಬದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಡಕ್ಕೆ ತಿರುಗುವಾಗ ವಕೀಲರು ಹಿಂದೆ ನೋಡದೆಯೇ “ತಟ್ಟು” ಎನ್ನುವರು, ಆಕೆ ಬೆರಳಗೆಣ್ಣಿನಿಂದ ಕಂಬವನ್ನು ತಟ್ಟುವರು, ಕೈಮರ ಏಳುವುದು. ಮೂವತ್ತೆರಡು ವರ್ಷದ ದಾಂಪತ್ಯದಲ್ಲಿ ಈ ಒಂದು ಮಾತು ಎಷ್ಟು ಸಾವಿರ ಸಲ ಬಂದು ಹೋಯಿತೋ ಲೆಕ್ಕವಿಟ್ಟವರಿಲ್ಲ.

2023ರ ಒಂದು ದಿನ, ಎಂಬತ್ತೆರಡು ತುಂಬಿದ ಆ ತಾಯಿ ಮಗನನ್ನು ಕರೆದು, ಒಂದು ಸಲ ಆ ಗಾಡಿಯಲ್ಲಿ ಗೊರವನಹಳ್ಳಿಯ ಲಕ್ಷ್ಮಿಯನ್ನೂ ಪಾವಗಡದ ಶನಿಮಹಾತ್ಮನನ್ನೂ ನಾಗಲಮಡಿಕೆಯ ಸುಬ್ರಹ್ಮಣ್ಯನನ್ನೂ ನೋಡಿ ಬರಬೇಕೆಂದರು. ನಾಗಲಮಡಿಕೆಯ ಬಳಿ ಅವರ ತೌರೂರು. ಮಗ ಬ್ಯಾಂಕಿನ ಕೆಲಸದಿಂದ ಆಗಷ್ಟೆ ನಿವೃತ್ತರಾದವರು, ಲೆಕ್ಕದ ಮನುಷ್ಯ. ತಾಯಿಯ ಬೆನ್ನುಮೂಳೆ ಸವೆದಿದೆ, ಎತ್ತಿಹಾಕುವ ಪ್ರಯಾಣ ಕೂಡದು ಎಂದು ವೈದ್ಯರು ಹೇಳಿದ್ದು ಅವರ ನೆನಪಿನಲ್ಲಿತ್ತು. ಬೆಂಗಳೂರಿನಲ್ಲಿ ಎಂಜಿನಿಯರಾಗಿದ್ದ ಮೊಮ್ಮಗ ಉದಾರವಾಗಿ, “ನನ್ನ ಹೊಸ ಕಾರಿದೆಯಲ್ಲ ಅಜ್ಜಿ, ಮಂಚದ ಮೇಲೆ ಮಲಗಿದ ಹಾಗೆ ಕರೆದುಕೊಂಡು ಹೋಗುತ್ತೇನೆ” ಎಂದ.

“ಮಂಚ ಮನೆಯಲ್ಲೇ ಇದೆಯಪ್ಪ,” ಎಂದರು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ನೋಡದೆ, “ಆ ಗಾಡಿಯ ಮುಂದಿನ ಸೀಟಿನಲ್ಲಿ ನಾನು ಒಂದು ದಿನವೂ ಕೂತಿಲ್ಲ” ಎಂದರು.

ದೂರಿನ ದನಿಯಲ್ಲ ಅದು. ಆದ್ದರಿಂದಲೇ ಮನೆಯಲ್ಲಿ ಯಾರಿಗೂ ಮುಂದೆ ಮಾತು ಹೊರಡಲಿಲ್ಲ.

ಗಾಡಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಹೀಗೆ ಮನೆಯ ಪ್ರಶ್ನೆಯಾಯಿತು. ಮೊಮ್ಮಗನ ಯೋಜನೆ ಸಿದ್ಧವಾಗಿತ್ತು. ಹಳೆಯ ಎಂಜಿನ್ನು ಕಿತ್ತು ಜಿಪ್ಸಿಯ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂರಿಸುವುದು, ತಣ್ಣನೆಯ ಗಾಳಿಯ ಯಂತ್ರ, ಕೈಬೆರಳಿನಲ್ಲಿ ತಿರುಗುವ ಚಕ್ರ. ಕಾರು ಹೊರಗೆ ಅಜ್ಜನದು, ಒಳಗೆ ಮೊಮ್ಮಗನದು. ಇದರಲ್ಲಿ ಅಪೂರ್ವವಾದದ್ದೇನೂ ಇಲ್ಲವೆಂದು ಆತ ವಾದಿಸಿದ. ಮೋರಿಸ್ ಆಕ್ಸ್‌ಫರ್ಡ್ ಎಂಬ ಆಂಗ್ಲರ ಗಾಡಿಯೇ ತಾನೆ ನಮ್ಮ ದೇಶದಲ್ಲಿ ಅಂಬಾಸಡರ್ ಆದದ್ದು? ಆ ಅಂಬಾಸಡರಿಗೂ 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಎಂಜಿನ್ನನ್ನು ಅಳವಡಿಸಲಿಲ್ಲವೆ? 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಜನ ಅದನ್ನು ಅಂಬಾಸಡರ್ ಎಂದೇ ಕರೆಯಲಿಲ್ಲವೆ?

ವಾದ ಬಲವಾಗಿತ್ತು. ಯಜಮಾನರು ಉತ್ತರ ಹುಡುಕಿಕೊಂಡು ಶಿರಾಕ್ಕೆ ಹೋದರು. ಹೆದ್ದಾರಿಯ ಪಕ್ಕದಲ್ಲಿ ಅಂಗಡಿಯಿಟ್ಟಿದ್ದ ವೃದ್ಧ ಮೇಸ್ತ್ರಿ ಸಾಹೇಬರು, ತಂದೆಯವರ ಕಾಲದಲ್ಲಿ ಆ ಗಾಡಿಗೆ ಎಣ್ಣೆ ಹಾಕಿ ಬೆಳೆದ ಹುಡುಗ. ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ಕುಳಿತು ಚಹ ಕುಡಿಯುತ್ತಿದ್ದರು. ಅವರು ಮಧುಗಿರಿಗೆ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಮುಂಭಾಗದ ಮುಚ್ಚಳದ ನಟ್ಟನಡುವೆ ಉಬ್ಬಿ ನಿಂತ ಪಟ್ಟಿಯ ಮೇಲೆ ಕೈಯಾಡಿಸಿ, “ಇದು ಹುಟ್ಟುವ ಮೊದಲೇ ಆಪರೇಷನ್ ಆದ ಗಾಡಿ” ಎಂದರು.

ಆ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಮೋರಿಸ್ ಮೈನರಿನ ಕಥೆಯನ್ನು ಬಲ್ಲವರಿಗೆ ಅದು ಗೊತ್ತು. ಎರಡನೆಯ ಮಹಾಯುದ್ಧದ ನಡುವೆ, ‘ಮಸ್ಕಿಟೋ’ ಅಂದರೆ ಸೊಳ್ಳೆ ಎಂಬ ಗುಪ್ತನಾಮದಿಂದ ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ ಇದನ್ನು ರೂಪಿಸತೊಡಗಿದ. ಮಾದರಿ ಸಿದ್ಧವಾಯಿತು. ಆದರೆ ಆತನ ಕಣ್ಣಿಗೆ ಅದು ಕೃಶವಾಗಿ ಕಂಡಿತು. ಸಿದ್ಧವಾದ ಗಾಡಿಯನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿ, ಹೋಳುಗಳನ್ನು ಅಷ್ಟಷ್ಟೇ ದೂರ ಸರಿಸುತ್ತ ಹೋಗಿ, ನಾಲ್ಕು ಅಂಗುಲದ ಅಂತರ ಬಂದಾಗ “ಇದೇ ಸರಿ” ಎಂದನಂತೆ. ನಡುವಿನ ಆ ನಾಲ್ಕಂಗುಲದ ಗುರುತೇ ಮುಚ್ಚಳದ ಮೇಲಿನ ಪಟ್ಟಿ. ಅಷ್ಟರಲ್ಲಿ ಹಳೆಯ ಅಳತೆಗೆ ಬಂಪರುಗಳು ತಯಾರಾಗಿಬಿಟ್ಟಿದ್ದುದರಿಂದ ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಬೇಕಾಯಿತು. ಕಂಪನಿಯ ಒಡೆಯ ಲಾರ್ಡ್ ನಫೀಲ್ಡನಿಗೆ ಗಾಡಿ ಹಿಡಿಸಲಿಲ್ಲ. ನೀರಿನಲ್ಲಿ ಬೇಯಿಸಿದ ಮೊಟ್ಟೆಯಂತಿದೆಯೆಂದು ಹಳಿದ. ಆದರೂ 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದು ಹೊರಬಂದು, ಹನ್ನೆರಡು ವರ್ಷಗಳಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರೆನಿಸಿತು. ಹುಟ್ಟಿಸಿದವನೇ ಕೊಯ್ದು ತಿದ್ದಿದ ಮೇಲೆ, ಮೂಲರೂಪವೆಂಬುದು ಮುಟ್ಟಬಾರದ ಮಡಿಯೆಂದು ಹೇಳುವುದು ಕಷ್ಟ.

“ಹಾಗಾದರೆ ಎಂಜಿನ್ನು ಬದಲಾಯಿಸೋಣವೆ?” ಎಂದು ಮೊಮ್ಮಗ ಉತ್ಸಾಹದಿಂದ ಕೇಳಿದ.

“ಅಗಲ ಮಾಡಿದರು, ಬೇರೆ ಮಾಡಲಿಲ್ಲ” ಎಂದರು ಸಾಹೇಬರು.

ಈ ಒಂದು ಮಾತನ್ನು ಹಿಡಿದುಕೊಂಡು ಯಜಮಾನರು ಹಲವು ರಾತ್ರಿ ಯೋಚಿಸಿದರು. ಊರಿನ ದೇವಾಲಯಗಳ ಜೀರ್ಣೋದ್ಧಾರವನ್ನು ಅವರು ಕಂಡಿದ್ದರು. ಗೋಪುರಕ್ಕೆ ಹೊಸ ಗಾರೆ ಬರುತ್ತದೆ, ಬಾಗಿಲು ಬದಲಾಗುತ್ತದೆ, ಎಣ್ಣೆಯ ದೀಪದ ಜೊತೆಗೆ ವಿದ್ಯುದ್ದೀಪ ಉರಿಯುತ್ತದೆ, ಭಕ್ತರಿಗೆ ನೆರಳಿಗೊಂದು ಮಂಟಪವೇಳುತ್ತದೆ. ಆದರೆ ಗರ್ಭಗುಡಿಯ ಮೂಲವಿಗ್ರಹ ಅಲ್ಲಿಯೇ ಇರುತ್ತದೆ. ಅದು ಹೋದರೆ ಜೀರ್ಣೋದ್ಧಾರವಲ್ಲ, ಹೊಸ ಗುಡಿ. ಹಾಗಾದರೆ ಒಂದು ಗಾಡಿಯಲ್ಲಿ ಮೂಲವಿಗ್ರಹ ಯಾವುದು?

ಇದಕ್ಕೆ ಸರ್ಕಾರ ಉತ್ತರ ಕೊಟ್ಟಿರುವುದನ್ನು ಅವರು ಆಮೇಲೆ ಅರಿತರು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡಿರುವ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಭಾರಿ ಮಾರ್ಪಾಡನ್ನು ಕಾಣದ ಖಾಸಗಿ ವಾಹನವೇ ‘ವಿಂಟೇಜ್’. ಅಂಥದಕ್ಕೆ ‘ವಿಎ’ ಎಂಬ ಅಕ್ಷರಗಳ ಪ್ರತ್ಯೇಕ ಸಂಖ್ಯಾಫಲಕದ ಗೌರವವುಂಟು. ಆದರೆ ಗೌರವದ ಜೊತೆಗೆ ಬಂಧನವೂ ಉಂಟು: ಪ್ರದರ್ಶನಕ್ಕೆ, ರ್‍ಯಾಲಿಗೆ, ಸಂಶೋಧನೆಗೆ, ಇಂಧನಕ್ಕೆ, ದುರಸ್ತಿಗೆ ಮಾತ್ರ ಅದು ರಸ್ತೆಗಿಳಿಯಬಹುದು, ನಿತ್ಯದ ಓಡಾಟ ಸಲ್ಲದು. ಶನಿಮಹಾತ್ಮನ ದರ್ಶನ ರ್‍ಯಾಲಿಯಾಗುವುದಿಲ್ಲ. ಆದುದರಿಂದ ಗಾಡಿ ಸಾಮಾನ್ಯ ನೋಂದಣಿಯಲ್ಲಿಯೇ ಇರಬೇಕು. ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಅಲ್ಲಿಯೂ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಾವಲಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಹೇಳಿದೆ. ವಕೀಲರ ಗಾಡಿ ಕಾಯಿದೆ ಮೀರಿ ಓಡುವುದು ಚೆನ್ನಲ್ಲ.

ಹೀಗೆ ಮೂರು ಸೂತ್ರಗಳು ನಿಂತವು. ಚಾಸಿ, ಒಡಲು, ಎಂಜಿನ್ನುಗಳ ರೂಪ ಕೆಡಿಸಕೂಡದು. ಬೇರೆ ಭಾಗಗಳನ್ನು ಬದಲಿಸುವುದಾದರೆ ಆದಷ್ಟೂ ಅದೇ ವಂಶದ ಗಾಡಿಯಿಂದ ತರಬೇಕು. ಸಗೋತ್ರ ವಿವಾಹ ಮನುಷ್ಯರಿಗೆ ನಿಷಿದ್ಧವಾದರೂ ಮೋಟಾರುಗಳಿಗೆ ಶ್ರೇಯಸ್ಕರ. ಕಿತ್ತದ್ದನ್ನೆಲ್ಲ ಎಣ್ಣೆ ಸವರಿ, ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿ ಇಡಬೇಕು. ಮುಂದೆ ಯಾರಾದರೂ ಮೊದಲಿನಂತೆ ಮಾಡಲಿಚ್ಛಿಸಿದರೆ ಸಾಧ್ಯವಾಗಬೇಕು. ಮೊಮ್ಮಗ ಮುಖ ಸಣ್ಣದು ಮಾಡಿಕೊಂಡು ಒಪ್ಪಿದ. ಬಿಡಿಭಾಗಗಳನ್ನು ಇಂಗ್ಲೆಂಡಿನಿಂದ ತರಿಸುವ ಭಾರ ಅವನ ಪಾಲಿಗೆ ಬಂದಿತು. ಮೋರಿಸಿನ ತಯಾರಿಕೆ 1970ರ ದಶಕದ ಆರಂಭದಲ್ಲೇ ಮುಗಿದಿದ್ದರೂ ಅದರ ಭಾಗಗಳನ್ನು ಇಂದಿಗೂ ಮಾಡಿ ಮಾರುವವರು ಆ ದೇಶದಲ್ಲಿರುವರು.

ಕೆಲಸ ಎಂಜಿನ್ನಿನಿಂದ ಆರಂಭವಾಯಿತು. ಅದನ್ನು ಬಿಚ್ಚಿ, ಸವೆದ ಸಿಲಿಂಡರುಗಳನ್ನು ಕೊರೆಯಿಸಿ, ಹೊರಹೊಗೆಯ ಕವಾಟಗಳಿಗೆ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಿದರು. ಕಾರಣವುಂಟು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ಸೀಸ ವಿಷವಾದರೂ ಕವಾಟದ ಪೀಠಗಳಿಗೆ ಮೆತ್ತೆಯಂತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ದೊರೆಯುವುದರಿಂದ ಮೆತ್ತನೆಯ ಹಳೆಯ ಪೀಠಗಳು ದೂರದ ಓಟದಲ್ಲಿ ಬೇಗ ಸವೆಯುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆಯುವುದರಿಂದ ಹಳೆಯ ರಬ್ಬರಿನ ಕೊಳವೆಗಳು ಉಬ್ಬಿ ಬಿರಿಯುವ ಭಯವೂ ಸೇರಿತು. ಪೆಟ್ರೋಲು ಹರಿಯುವ ಕೊಳವೆಗಳನ್ನೆಲ್ಲ ಅದಕ್ಕೆ ಜಗ್ಗದವುಗಳಿಂದ ಬದಲಿಸಲಾಯಿತು.

ಎರಡನೆಯದು ಬಿಸಿಲಿನ ಚಿಂತೆ. ಇಂಗ್ಲೆಂಡಿನ ಮಂಜಿಗಾಗಿ ಹುಟ್ಟಿದ ರೇಡಿಯೇಟರು ಪಾವಗಡದ ದಾರಿಯಲ್ಲಿ ಕುದಿಯುವ ಹಂಡೆಯಾಗುತ್ತಿತ್ತು. ವಕೀಲರು ಎರಡು ಡಬ್ಬ ನೀರಿಲ್ಲದೆ ಮನೆ ಬಿಡುತ್ತಿರಲಿಲ್ಲ. ಈಗ ರೇಡಿಯೇಟರಿನ ಹೊರಚೌಕಟ್ಟನ್ನು ಉಳಿಸಿಕೊಂಡು ಒಳಗೆ ಇನ್ನೊಂದು ಸಾಲು ಕೊಳವೆಗಳನ್ನು ಸೇರಿಸಿದರು. ಜಾಲರಿಯ ಹಿಂದೆ, ಹೊರಗಿನಿಂದ ಕಾಣದಂತೆ, ಬಿಸಿಯೇರಿದಾಗ ತಾನಾಗಿ ತಿರುಗುವ ವಿದ್ಯುತ್ ಬೀಸಣಿಗೆಯೊಂದನ್ನಿಟ್ಟರು. ಬೀಸಣಿಗೆಗೂ ಪ್ರಖರವಾದ ದೀಪಗಳಿಗೂ ಹಳೆಯ ಡೈನಮೋ ಸಾಲದು. ನಿಧಾನವಾಗಿ ಹೋಗುವಾಗ ಅದು ಹೆಚ್ಚೇನೂ ಉತ್ಪಾದಿಸದು. ಆಲ್ಟರ್ನೇಟರ್ ಬೇಕು. ಆದರೆ ಆ ಕಾಲದ ಆಂಗ್ಲರ ಗಾಡಿಗಳಲ್ಲಿ ಬ್ಯಾಟರಿಯ ಧನಧ್ರುವ ಒಡಲಿಗೆ ಸೇರಿರುತ್ತದೆ, ಇಂದಿನವುಗಳಲ್ಲಿ ಋಣಧ್ರುವ. ಇದನ್ನು ಮರೆತು ಜೋಡಿಸಿದರೆ ಹೊಸ ಯಂತ್ರ ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದು. ಸಾಹೇಬರು ಧ್ರುವಗಳನ್ನು ಅದಲುಬದಲು ಮಾಡಿ, ಮುಂದಿನವರ ತಿಳಿವಿಗಾಗಿ ಬ್ಯಾಟರಿಯ ಪಕ್ಕದಲ್ಲಿ ಬಣ್ಣದಿಂದ ಬರೆಯಿಸಿಟ್ಟರು.

ದೂರದ ಪ್ರಯಾಣದಲ್ಲಿ ಮನುಷ್ಯನನ್ನು ದಣಿಸುವುದು ವೇಗವಲ್ಲ, ಸದ್ದು. ಹೆದ್ದಾರಿಯಲ್ಲಿ ಎಪ್ಪತ್ತು ಕಿಲೋಮೀಟರು ಮುಟ್ಟುತ್ತಲೇ ಎಂಜಿನ್ನು ನಾಲ್ಕನೆಯ ಗೇರಿನಲ್ಲಿಯೂ ಐದನೆಯದಕ್ಕಾಗಿ ಗೋಗರೆಯುತ್ತದೆ. ಐದು ಗೇರಿನ ಪೆಟ್ಟಿಗೆ ಕೂರಿಸಬೇಕಾದರೆ ನೆಲದ ತಗಡು ಕೊಯ್ಯಬೇಕು. ಅದು ಸೂತ್ರಕ್ಕೆ ವಿರುದ್ಧ. ಉಪಾಯ ಹಿಂದಿನ ಅಚ್ಚಿನಲ್ಲಿತ್ತು. 1957ರ ಗಾಡಿಯಲ್ಲಿ ಎಂಜಿನ್ನಿನ ದಂಡ 4.55 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. 1962ರ ಅನಂತರದ ಮೋರಿಸಿನಲ್ಲಿ ಆ ಲೆಕ್ಕ 4.22. ಆ ಹಲ್ಲುಚಕ್ರಗಳನ್ನು ತರಿಸಿ ಹಾಕಿದೊಡನೆ, ಅದೇ ವೇಗಕ್ಕೆ ಎಂಜಿನ್ನು ಶೇಕಡಾ 7ರಷ್ಟು ನಿಧಾನವಾಗಿ ತಿರುಗಿತು. ಏರಿನಲ್ಲಿ ತುಸು ಬೇಗ ಗೇರು ಇಳಿಸಬೇಕಾಗುವುದು ಇದರ ದಂಡ. ಬಯಲುಸೀಮೆಯ ನೇರ ರಸ್ತೆಗಳಲ್ಲಿ ಆ ದಂಡ ಹೆಚ್ಚಲ್ಲ. ಅದೇ ತಂಗಿಗಾಡಿಯಿಂದಲೇ ಮುಂದಿನ ಚಕ್ರಗಳಿಗೆ ಏಳಂಗುಲದ ಬದಲು ಎಂಟಂಗುಲದ ಬ್ರೇಕು ಡ್ರಮ್ಮುಗಳೂ ಬಂದವು. ಓಡಿಸುವ ಮೊದಲು ನಿಲ್ಲಿಸುವುದನ್ನು ಕಲಿಸು ಎಂಬುದು ಸಾಹೇಬರ ಸಿದ್ಧಾಂತ.

ಉಳಿದ ಸದ್ದಿಗೆ ಮದ್ದು ಊರಿನಲ್ಲೇ ದೊರೆಯಿತು. ನೆಲದ ತಗಡಿನ ಮೇಲೆ, ಮೇಲುಹಾಸಿನ ಕೆಳಗೆ, ಚಳ್ಳಕೆರೆಯ ಕರಿಯ ಕಂಬಳಿಯನ್ನು ಎರಡು ಪದರ ಕತ್ತರಿಸಿ ಹಾಸಿದರು. ಒರಟು ಉಣ್ಣೆ ಸದ್ದನ್ನೂ ಎಂಜಿನ್ನಿನ ಕಾವನ್ನೂ ಒಟ್ಟಿಗೆ ನುಂಗುತ್ತದೆ. ಮಲೆನಾಡಿನಲ್ಲಾದರೆ ಕಂಬಳಿ ತೇವ ಹಿಡಿದು ತಗಡಿಗೆ ತುಕ್ಕು ತಂದೀತು. ಮಧುಗಿರಿಯಲ್ಲಿ ಆ ಭಯವಿಲ್ಲ. ಮೊಮ್ಮಗ ಕೇಳಿದ್ದ ತಣ್ಣನೆಯ ಗಾಳಿಯ ಯಂತ್ರವನ್ನು ಮೂವತ್ತೇಳು ಅಶ್ವಗಳ ಮೇಲೆ ಹೇರುವುದು ಮುದುಕ ಎತ್ತಿಗೆ ಎರಡು ನೊಗ ಕಟ್ಟಿದಂತಾಗುವುದೆಂದು ಕೈಬಿಡಲಾಯಿತು. ಮುಂದಿನ ಕಿಟಕಿಯ ತ್ರಿಕೋನದ ಗಾಜನ್ನು ಓರೆ ಮಾಡಿದರೆ ಬರುವ ಗಾಳಿಯೇ ಸಾಕು.

ಕೊನೆಗೆ ಎಲ್ಲದಕ್ಕೂ ಕಾರಣವಾದ ಮುಂದಿನ ಎಡಗಡೆಯ ಆಸನ. ಇದಕ್ಕೆ ತಗುಲಿದ ಕಾಲ ಎಂಜಿನ್ನಿಗೂ ತಗುಲಲಿಲ್ಲ. ಹಿಂದಿನ ಚಕ್ರಗಳ ಮೇಲೆ ಪಟ್ಟಿಯ ಸ್ಪ್ರಿಂಗುಗಳನ್ನು ಬಿಡಿಸಿ, ತುಕ್ಕು ಉಜ್ಜಿ, ಹಳೆಯ ತೋಳಿನ ಡ್ಯಾಂಪರುಗಳ ಬದಲು ಕೊಳವೆಯಾಕಾರದವನ್ನು ಬೋಲ್ಟುಗಳಿಂದ ಬಿಗಿದಾಗ ಗಾಡಿಯ ಕುಣಿತ ಅರ್ಧ ಇಳಿಯಿತು. ಉಳಿದರ್ಧವನ್ನು ಆಸನವೇ ಹೀರಬೇಕು. ಹಾಸಿಗೆ ಹೊಲಿಯುವವರನ್ನು ಕರೆಸಿ, ಕೆಳಗೆ ರಬ್ಬರು ಬೆರೆಸಿದ ತೆಂಗಿನ ನಾರು, ಮೇಲೆ ಗಟ್ಟಿ ಸ್ಪಂಜು, ಅದರ ಮೇಲೆ ತೆಳುವಾದ ಮೆತ್ತನೆಯ ಸ್ಪಂಜು, ಹೀಗೆ ಮೂರು ಪದರ ಮಾಡಿಸಿದರು. ಬರಿಯ ಮೆತ್ತೆಯಾದರೆ ಬೆನ್ನು ಹುದುಗಿ ನೋಯುತ್ತದೆ; ಬರಿಯ ನಾರಾದರೆ ಒತ್ತುತ್ತದೆ. ಸೊಂಟದ ಹಿಂದೆ ಒಂದು ಉಬ್ಬು. ಆಸನವನ್ನು ಎರಡಂಗುಲ ಎತ್ತರಿಸಿದ್ದರಿಂದ ಕುಳಿತುಕೊಳ್ಳುವುದೂ ಏಳುವುದೂ ಸುಲಭವಾಯಿತು. ಬಡಗಿ ಒಂದು ಪುಟ್ಟ ಮಣೆ ಮಾಡಿಕೊಟ್ಟ. ಹತ್ತುವಾಗ ಬಾಗಿಲ ಬಳಿ ನೆಲದ ಮೇಲೆ, ಹತ್ತಿದ ಮೇಲೆ ಕಾಲಿನ ಕೆಳಗೆ. ಪ್ರತಿಯೊಂದು ಪದರವಾದಾಗಲೂ ತಾಯಿಯನ್ನು ಕೊಟ್ಟಿಗೆಗೆ ಕರೆತಂದು ಕೂರಿಸಿ ಕೇಳುವರು. ಆಕೆ ಸುಮ್ಮನೆ ಮುಂದೆ ನೋಡುತ್ತ ಕುಳಿತು, “ಇನ್ನೂ ಸ್ವಲ್ಪ” ಎನ್ನುವರು. ಮೆತ್ತೆ ಇನ್ನೂ ಸ್ವಲ್ಪವೋ, ಕುಳಿತಿರುವುದು ಇನ್ನೂ ಸ್ವಲ್ಪವೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಆಸನದ ಪಟ್ಟಿಯ ವಿಷಯದಲ್ಲಿ ಮಾತ್ರ ಸೂತ್ರ ಮುರಿಯಿತು. 1957ರ ಮೋರಿಸಿನಲ್ಲಿ ಸುರಕ್ಷಾಪಟ್ಟಿ ಬಿಗಿಯಲು ಜಾಗವಿಲ್ಲ. ಒಡಲಿಗೆ ತೂತು ಕೊರೆಯಬೇಕು, ಹಿಂದೆ ಉಕ್ಕಿನ ತಟ್ಟೆ ಕೊಡಬೇಕು. ಡ್ರಿಲ್ಲನ್ನು ಹಿಡಿದ ಸಾಹೇಬರು, “ತೂತು ಬೇಡವೆಂದಿದ್ದಿರಿ” ಎಂದು ಯಜಮಾನರ ಮುಖ ನೋಡಿದರು. “ಅಮ್ಮನಿಗಾಗಿ ಕೊರೆಯಿರಿ” ಎಂದರು ಯಜಮಾನರು. ಗಾಡಿಯ ಒಡಲಿನಲ್ಲಿ ಕೊರೆದ ತೂತುಗಳು ಮುಂದಿನ ಎರಡು ಪಟ್ಟಿಗಳಿಗಾಗಿ ಮಾತ್ರ. ಹೆದ್ದಾರಿಯ ಲಾರಿಗಳಿಗೆ ಕೈಮರದ ಭಾಷೆ ತಿಳಿಯದಾದ್ದರಿಂದ ಮಿಣುಕುದೀಪಗಳೂ ಬೇಕಾಗಿದ್ದವು. ಅವನ್ನು ಹಳೆಯ ಪುಟ್ಟ ದೀಪಗಳೊಳಗೇ ಎರಡು ತಂತಿಯ ಬಲ್ಬು ಹಾಕಿ ತೂತಿಲ್ಲದೆ ಸಾಧಿಸಿದರು. ಕೈಮರಗಳನ್ನು ಕೀಳಬೇಕೆ ಎಂದು ಕೇಳಿದಾಗ ಯಜಮಾನರು ಬೇಡವೆಂದರು. ಕಾರಣ ಹೇಳಲಿಲ್ಲ.

2025ರ ಫೆಬ್ರವರಿಯಲ್ಲಿ, ಬೆಳಗಿನ ಚಳಿ ಇನ್ನೂ ಪೂರ್ತಿ ಇಳಿಯದ ದಿನಗಳಲ್ಲಿ, ಯಾತ್ರೆ ಹೊರಟಿತು. ಮೂರು ದಿನ, ಸುಮಾರು ಮುನ್ನೂರು ಕಿಲೋಮೀಟರು, ರಾತ್ರಿ ರಾತ್ರಿ ಮನೆಗೆ. ಇಂದಿನವರಿಗೆ ಇದು ಒಂದು ಹೊತ್ತಿನ ದಾರಿ. ಎಂಬತ್ತುನಾಲ್ಕರ ತಾಯಿಗೂ ಅರವತ್ತೆಂಟರ ಗಾಡಿಗೂ ಇದು ದಿಗ್ವಿಜಯ.

ಮೊದಲ ದಿನ ಕೊರಟಗೆರೆಯ ಕಡೆ. ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿ ಆ ಋತುವಿನಲ್ಲಿ ಮರಳಾಗಿ ಮಲಗಿದ್ದಳು. ಗೊರವನಹಳ್ಳಿಯಲ್ಲಿ ಲಕ್ಷ್ಮಿಯ ದರ್ಶನವಾಗಿ, ತೀತಾ ಜಲಾಶಯದ ಏರಿಯ ಬಳಿ ಬುತ್ತಿ ಬಿಚ್ಚಿದರು. ಎರಡನೆಯ ದಿನ ಶಿರಾ. ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಆ ಊರಿನಲ್ಲಿ 1651ರ ಮಲಿಕ್ ರಿಹಾನನ ಗೋರಿಯನ್ನೂ 1696ರ ಜುಮ್ಮಾ ಮಸೀದಿಯನ್ನೂ ಗಾಡಿಯೊಳಗಿಂದಲೇ ನೋಡಿದ್ದಾಯಿತು. ಸಾಹೇಬರ ಅಂಗಡಿಯ ಮುಂದೆ ನಿಂತಾಗ ಅವರು ಮುಚ್ಚಳವೆತ್ತಿ, ಎಣ್ಣೆಯ ಕಡ್ಡಿ ನೋಡಿ, ಹಣ ಮುಟ್ಟದೆ ಕಳುಹಿಸಿದರು. ಅಲ್ಲಿಂದ ಕಗ್ಗಲಡು. ಊರ ನಡುವಿನ ಹುಣಿಸೆಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡಿಗಾಗಿ ಕಡ್ಡಿ ಸೇರಿಸುತ್ತಿದ್ದವು. ಮನೆಯಂಗಳಕ್ಕೆ ಹೇಲು ಬಿದ್ದರೂ ಓಡಿಸದೆ, ಅತಿಥಿಗಳೆಂದು ಕಾಪಾಡುವ ಊರು ಅದು. ವೃದ್ಧೆ ಅರ್ಧ ಗಂಟೆ ಗಾಜಿಳಿಸಿಕೊಂಡು ನೋಡಿದರು. “ಇವರು ಶಿರಾಕ್ಕೆ ಎಷ್ಟು ಸಲ ಬಂದರು, ಇದನ್ನು ಹೇಳಲೇ ಇಲ್ಲ” ಎಂದರು. ಮೇಲೆ ನೋಡುವಷ್ಟು ಬಿಡುವು ವಕೀಲರಿಗೆ ಇದ್ದಿರಲಾರದು.

ಮೂರನೆಯ ದಿನದ್ದು ನಿಜವಾದ ಪರೀಕ್ಷೆ. ಮಿಡಿಗೇಶಿಯ ಕೋಟೆಯನ್ನು ಕಳೆದು, ನಡುವೆ ಆಂಧ್ರದ ನೆಲವನ್ನು ದಾಟಿ, ಮತ್ತೆ ಕರ್ನಾಟಕಕ್ಕೆ ಬಂದರೆ ಪಾವಗಡ. ಬಿಸಿಲೇರಿತು. ಯಜಮಾನರ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಬಿಸಿಯ ಮುಳ್ಳಿನ ಮೇಲೆ. ಮುಳ್ಳು ಏರಿತು, ಜಾಲರಿಯ ಹಿಂದೆ ಬೀಸಣಿಗೆ ಗುಂಯ್ಯೆಂದಿತು, ಮುಳ್ಳು ಇಳಿಯಿತು. ಹಿಂದಿನ ಆಸನದಲ್ಲಿ ಮೊಣಕಾಲು ಮಡಚಿ ಕುಳಿತಿದ್ದ ಮೊಮ್ಮಗ, “ಇಲ್ಲಿ ಕೂರುವುದು ಬಹಳ ಕಷ್ಟ ಅಜ್ಜಿ” ಎಂದ. “ಹೌದು” ಎಂದರು ಅಜ್ಜಿ, ಒಂದೇ ಮಾತು.

ಶನಿಮಹಾತ್ಮನ ದರ್ಶನ ಮುಗಿಸಿ ನಾಗಲಮಡಿಕೆಯ ಕಡೆ ತಿರುಗಿದಾಗ ಆಕೆಗೆ ತಮ್ಮ ಸೀಮೆಯ ಗುರುತು ಹತ್ತಲಿಲ್ಲ. ಬರಗಾಲದಲ್ಲಿ ಬಿರಿಯುತ್ತಿದ್ದ ಹೊಲಗಳ ಕಡೆಯಲ್ಲಿ ಕಣ್ಣು ಹರಿಯುವವರೆಗೂ ನೀಲಿಯ ಗಾಜಿನ ಹಲಗೆಗಳು ಸೂರ್ಯನಿಗೆ ಮುಖವೊಡ್ಡಿ ನಿಂತಿದ್ದವು. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಕ್ಷೇತ್ರ ಅದು. 2,050 ಮೆಗಾವಾಟ್ ಸಾಮರ್ಥ್ಯದ್ದು, 2019ರಲ್ಲಿ ಪೂರ್ಣಗೊಂಡದ್ದು. ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆ ಕೊಡುತ್ತ ಬಂದಿರುವುದನ್ನು ಮಗ ವಿವರಿಸಿದರು. “ಇಲ್ಲಿ ಬಿಸಿಲೊಂದೇ ಬೆಳೆಯುತ್ತಿತ್ತು. ಈಗ ಅದನ್ನೇ ಕೊಯ್ಯುತ್ತಾರೆ” ಎಂದರು ತಾಯಿ. ತೌರಿನ ಹೊಲದ ಎಲ್ಲೆ ಎಲ್ಲಿದ್ದೀತೆಂದು ಕೈತೋರಿಸಲು ಹೋಗಿ, ಕೈಯನ್ನು ಮಡಿಲಿಗೆ ಇಳಿಸಿದರು. ನಾಗಲಮಡಿಕೆಯ ಗುಡಿಯಲ್ಲಿ ಅರ್ಚನೆ ಮಾಡಿಸುವಾಗ ಗಂಡನ ಹೆಸರಿನಲ್ಲಿ ಒಂದು, ಮಗನ ಹೆಸರಿನಲ್ಲಿ ಒಂದು, ಮೇಸ್ತ್ರಿ ಸಾಹೇಬರ ಹೆಸರಿನಲ್ಲಿ ಇನ್ನೊಂದು. ಅರ್ಚಕರು ನಕ್ಷತ್ರ ಯಾವುದೆಂದಾಗ, “ಮೋಟಾರಿನದೇ ಹಾಕಿಕೊಳ್ಳಿ” ಎಂದರಂತೆ.

ಮರಳಿ ಮಧುಗಿರಿ ಸೇರುವಾಗ ಬೆಟ್ಟ ಕರ್ರಗಾಗಿತ್ತು. ತಾಯಿ ಕಣ್ಣು ಮುಚ್ಚಿದ್ದರು. ಮೆತ್ತೆ ತನ್ನ ಕೆಲಸ ಮಾಡಿತ್ತು. ಬೆನ್ನು ನೋವೆಂದು ಮೂರು ದಿನದಲ್ಲಿ ಒಮ್ಮೆಯೂ ಅವರು ಹೇಳಿರಲಿಲ್ಲ, ನೋವಿರಲಿಲ್ಲವೋ, ಹೇಳಲಿಲ್ಲವೋ. ಮನೆಯ ಬೀದಿಗೆ ಎಡಕ್ಕೆ ತಿರುಗಬೇಕು. ಯಜಮಾನರು ಗುಂಡಿಯನ್ನು ತಿರುಗಿಸಿದರು. ಹೊಸ ದೀಪ ಮುಂದೆಯೂ ಹಿಂದೆಯೂ ನಿಷ್ಠೆಯಿಂದ ಮಿಣುಕಿತು. ಕೈಮರ ಮಾತ್ರ ಮೂರು ದಿನದ ಧೂಳಿಗೆ ಸಿಕ್ಕಿ ಮೇಲೇಳಲಿಲ್ಲ. ಏಳಬೇಕಾದ ಅಗತ್ಯವೂ ಇರಲಿಲ್ಲ.

ಯಾರೂ ಏನೂ ಹೇಳಲಿಲ್ಲ. ಆದರೂ ವೃದ್ಧೆ ಕಣ್ಣು ತೆರೆಯದೆಯೇ ಎಡಗೈಯನ್ನು ಹಿಂದಕ್ಕೆ ಚಾಚಿ, ಬೆರಳಗೆಣ್ಣಿನಿಂದ ಕಂಬವನ್ನು ಎರಡು ಸಲ ತಟ್ಟಿದರು. ಒಳಗೆ ಏನೋ ಕಿರ್ರೆಂದಿತು. ಕೈಮರ ಹೊರಬಂದು, ಕೆಂಪಗೆ ಬೆಳಗಿ, ಮನೆಯ ದಾರಿಯನ್ನು ತೋರಿಸಿತು.